ಮಾಳವ್ವನ ಮೀನದಡ್ಡಿ

ಕುರಿ ಮಾರಿ ಎಷ್ಟೋ ವರ್ಷವಾಗಿದ್ದರೂ ಮಾಳವ್ವನ ಕೈಯನ್ನು ಕುರಿ ಕಾಯುವ ಕೋಲು ಮಾತ್ರ ಬಿಟ್ಟಿರಲಿಲ್ಲ. ಮೀನು ಹಿಡಿಯಲು ಹೊರಟಾಗಲೂ ಒಂದು ಕೈಯಲ್ಲಿ ಗಾಳ, ಇನ್ನೊಂದರಲ್ಲಿ ಆ ಕೋಲು. ಕೆರೆಯ ಏರಿಯ ಮೇಲೆ ನಿಂತು ಅದನ್ನು ನೀರಿನತ್ತ ಚಾಚಿ, "ಅಲ್ಲೊಂದು, ಅದರಾಚೆ ಒಂದು, ಆ ಬೇವಿನ ಗಿಡದ ನೇರಕ್ಕ ಮತ್ತೊಂದು" ಎಂದು ತೋರಿಸುತ್ತಿದ್ದಳು. ನಮಗೆ ಕಾಣುತ್ತಿದ್ದುದು ಬರೀ ನೀರು.

ನಮ್ಮೂರು ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ದಾರಿಯಲ್ಲಿದೆ. ಹೊಳೆಯ ನೀರು ಕೊಳವೆಯಲ್ಲಿ ಬಂದು ಕೆರೆ ತುಂಬಿದ ಮೇಲೆ ಮೇಯುವ ನೆಲವೆಲ್ಲ ದ್ರಾಕ್ಷಿ ತೋಟವಾಯಿತು. ನಮ್ಮದೂ ಅಂಥದೇ ಒಂದು ತೋಟ. ಮೇವಿಲ್ಲದೆ ಮಾಳವ್ವ ಕುರಿ ಮಾರಿದಳು. ಅತ್ತುಕೊಂಡು ಕೂರುವ ಹೆಣ್ಣು ಅವಳಲ್ಲ. "ನೆಲಾ ನೀವು ತಗೊಂಡ್ರಿ, ನೀರು ನಮಗಿರಲಿ" ಎಂದು ಗಾಳ ಹಿಡಿದು ಕೆರೆಗೆ ಇಳಿದಳು. ಅವಳ ಹಿಂದೆ ಇನ್ನೂ ಏಳೆಂಟು ಮನೆಯವರು ಇಳಿದರು.

ಆದರೆ ಕೆರೆಯಲ್ಲಿ ಮೀನು ನಿಲ್ಲುತ್ತಿರಲಿಲ್ಲ. ಹೂಳೆತ್ತುವಾಗ ಗಿಡಗಂಟಿ, ಬಂಡೆ ಎಲ್ಲ ಕಿತ್ತು ತಳವನ್ನು ರೊಟ್ಟಿ ಬೇಯಿಸುವ ಹಂಚಿನಂತೆ ಮಾಡಿಟ್ಟಿದ್ದರು. ತಂದು ಬಿಟ್ಟ ಮೀನಿನ ಮರಿಗಳನ್ನು ನೀರುಕಾಗೆಗಳು ಹೆಕ್ಕಿ ತಿಂದು ಮುಗಿಸುತ್ತಿದ್ದವು. ಒಂದು ಸಂಜೆ ಮಾಳವ್ವ ನಮ್ಮ ತೋಟಕ್ಕೆ ಬಂದಳು. ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ, ಹೇಳುತ್ತಿದ್ದಳು ಅಷ್ಟೇ.

"ತಮ್ಮಾ, ಗಾಳಿಗೆ ನಿನ್ನ ಚಪ್ಪರ ಬಿದ್ದು ಮುರದ ಕಲ್ಲಕಂಬ ಅದಾವಲ್ಲ, ಅವನ್ನ ನಾಳೆ ಒಯ್ತೇನಿ. ಕಡದ ಕೊಂಬಿನೂ ಒಯ್ತೇನಿ."

"ಯಾಕಬೇ?"

"ಮೀನಿಗೆ ದಡ್ಡಿ ಕಟ್ಟಾಕ. ದಡ್ಡಿ ಇಲ್ಲದ ಕುರಿಮರಿ ತ್ವಾಳದ ಪಾಲು. ಮೀನಿನ ಮರಿ ಏನ್ ಬ್ಯಾರೆ ಐತೇನು?"

ನಮ್ಮ ಮನೆಯಲ್ಲಿ ಮೀನು ಎಂಬ ಮಾತಿಗೇ ಅವ್ವ ಮೂಗು ಮುಚ್ಚಿಕೊಳ್ಳುತ್ತಾಳೆ. ಆದರೂ ನಾನು ಬೇಡ ಅನ್ನಲಿಲ್ಲ. ಅಂದಿದ್ದರೂ ಅವಳು ಕೇಳುತ್ತಿರಲಿಲ್ಲ ಬಿಡಿ.

ಮೊದಲು ಕೆರೆಯ ಮೂಲೆಯ ಸಣ್ಣ ಹೊಂಡದಲ್ಲಿ ಪರೀಕ್ಷೆ ಮಾಡಿದಳು. ಕಲ್ಲು ಕಟ್ಟಿ ನಮ್ಮ ದ್ರಾಕ್ಷಿ ಕೊಂಬೆಗಳ ಹೊರೆಗಳನ್ನು ಮುಳುಗಿಸಿದಳು. ಎರಡು ದಿನಕ್ಕೆ ಹೊಂಡದ ತುಂಬ ಮರಿಮೀನು ಹೊಟ್ಟೆ ಮೇಲಾಗಿ ತೇಲಿದವು. ಆ ಕೊಂಬೆಗಳಿಗೆ ಹಿಂದಿನ ವಾರವಷ್ಟೇ ನಾನು ಮೈಲುತುತ್ತದ ಔಷಧ ಹೊಡೆದಿದ್ದೆ. ಎಲೆಯ ಮೇಲಿನ ನೀಲಿ ಬಣ್ಣ ಕಣ್ಣಿಗೆ ಬಿದ್ದರೂ ನನಗೆ ಹೊಳೆದಿರಲಿಲ್ಲ. ತೋಟದವನಿಗೇ ಹೊಳೆಯದಿದ್ದರೆ ಕುರಿಯವಳಿಗೆ ಹೇಗೆ ಹೊಳೆಯಬೇಕು?

ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕೆರೆ ಸಮಿತಿಯವರು ಸೇರಿದರು. ಸಮಿತಿಯ ಹಿರಿಯರಾದ ಗೌಡರು, "ಕೆರೀಗೆ ಇಷ ಹಾಕ್ದಿ ಬೇ ಮಾಳವ್ವಾ" ಎಂದರು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಕೊಂಬೆ ನನ್ನದು, ಔಷಧ ನನ್ನದು. ಬಾಯಿ ತೆರೆಯಲಿಲ್ಲ. ಮೀನಿನ ಉಸಾಬರಿಗೆ ಹೋದೆನೆಂದು ನಮ್ಮವರು ಆಡಿಕೊಂಡಾರು ಎಂಬ ಅಂಜಿಕೆ. ಮಾಳವ್ವ ಒಮ್ಮೆ ನನ್ನತ್ತ ನೋಡಿ, ಮತ್ತೆ ಅವರತ್ತ ತಿರುಗಿದಳು.

"ತಪ್ಪು ನಂದು. ನಾ ತಂದೆ, ನಾ ಮುಳುಗಿಸಿದೆ. ಆದರ ದಡ್ಡಿ ಕಟ್ಟೂದು ಬಿಡಂಗಿಲ್ಲ ನೋಡ್ರಿ. ಒಂದು ಸಲ ರೊಟ್ಟಿ ಹೊತ್ತಿದ್ರ ಒಲಿ ಒಡೀತಾರೇನು?"

ಮರುದಿನವೇ ಹೊಂಡಕ್ಕಿಳಿದು ಕೊಂಬೆಗಳನ್ನೆಲ್ಲ ಹೊರಗೆ ಎಳೆದು ಹಾಕಿದಳು. ಆಮೇಲೆ ತೋಟದ ಕಡ್ಡಿ ಮುಟ್ಟಲಿಲ್ಲ. ಜಾಲಿಮುಳ್ಳು ಕಡಿದು ಹೊರೆ ಕಟ್ಟಿದಳು. ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಯ ತಳದಲ್ಲಿ ಅಲ್ಲಲ್ಲಿ ನಮ್ಮ ಕಲ್ಲುಕಂಬಗಳನ್ನು ದುಂಡಗೆ ನೆಟ್ಟು, ನಡುವೆ ಮುಳ್ಳು ಹೆಣೆದು, ಥೇಟ್ ಕುರಿದಡ್ಡಿಗಳನ್ನೇ ಕಟ್ಟಿದಳು. ಒಂದೊಂದಕ್ಕೂ ಒಂದೇ ಬಾಯಿ, ಅದೂ ಗಾಳಿಗೆ ಬೆನ್ನು ಮಾಡಿ.

"ನೀರಿನ್ಯಾಗ ಎಲ್ಲಿ ಗಾಳಿ ಬೇ?" ಎಂದು ನಾನು ಚೇಷ್ಟೆ ಮಾಡಿದೆ.

"ಗಾಳಿ ನೀರು ನೂಕ್ತೈತಿ, ನೀರು ಮರಿ ನೂಕ್ತೈತಿ. ಓದಿದಾವ ನೀನು, ಅಷ್ಟೂ ತಿಳೀದಿಲ್ಲೇನು?"

ಒಂದು ಕಟ್ಟಳೆಯನ್ನೂ ಹಾಕಿದಳು. ದಡ್ಡಿಯೊಳಗೆ ಯಾರೂ ಗಾಳ ಬಿಡಬಾರದು. ಹೊರಗೆ ಬಂದ ಮೀನಷ್ಟೇ ನಮ್ಮದು. ದಡ್ಡಿಯಲ್ಲಿ ಮಲಗಿದ ಕುರಿಯನ್ನು ಅವಳ ಮನೆತನದಲ್ಲಿ ಯಾರೂ ಕೊಯ್ದಿರಲಿಲ್ಲವಂತೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾಳದವರ ಬುಟ್ಟಿಯಲ್ಲಿ ಮೊಣಕೈಯುದ್ದದ ರೋಹು ಬರತೊಡಗಿದವು. ಜೋರಾಪುರ ಪೇಟೆಯಿಂದ ಗಿರಾಕಿಗಳು ಏರಿಗೇ ಬಂದು ಒಯ್ಯತೊಡಗಿದರು.

ಮೀನು ಹೆಚ್ಚಿದ ಸುದ್ದಿಗೆ ದೊಡ್ಡ ಬಲೆಯವನೊಬ್ಬ ಹೊರಗಿನಿಂದ ಬಂದು ಗುತ್ತಿಗೆ ಹಿಡಿದ. ದಡದಿಂದ ದಡಕ್ಕೆ ಎಳೆಯುವ ಬಲೆ. ಅದು ನಮ್ಮ ಕಂಬಕ್ಕೆ ಸಿಕ್ಕಿ ಹರಿಯಿತು. ಗೌಡರು ಮಾಳವ್ವನ ಮನೆಗೇ ಬಂದು, ಕಲ್ಲು ತೆಗೆಸು ಎಂದರು.

"ನನ್ನ ದಡ್ಡಿ ಇದ್ದಲ್ಲೇ ಐತ್ರಿ ಗೌಡ್ರ. ಬಂದು ಸಿಕ್ಕಿದ್ದು ಅವನ ಬಲಿ. ಸಣ್ಣ ಬಲಿ ತರಾಕ ಹೇಳ್ರಿ" ಎಂದು, ಅವರ ಮುಂದೆ ಚಹಾ ಇಟ್ಟಳು. ಗೌಡರು ಚಹಾ ಕುಡಿದು ಎದ್ದು ಹೋದರು. ಅವಳು ಇರುವತನಕ ಕಲ್ಲು ಕೀಳಲು ಕೆರೆಗೆ ಇಳಿಯುವ ಧೈರ್ಯ ಯಾರಿಗೂ ಬರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳು ಹಾಸಿಗೆ ಹಿಡಿದಾಗ ನೋಡಲು ಹೋದೆ. ಕೋಲು ಮಗ್ಗುಲಲ್ಲೇ ಇತ್ತು. ನಾನು ಏನೇನೋ ಮಾತಾಡಿದೆ, ಬೇಕಾದ ಮಾತೊಂದು ಬಿಟ್ಟು. ಕಡೆಗೆ ಅವಳೇ ಅಂದಳು.

"ಆವತ್ತು ಕಟ್ಟಿ ಮ್ಯಾಲ ನೀ ಸುಮ್ಮನ ನಿಂತಿ. ಭಾಳ ಸಿಟ್ಟು ಬಂದಿತ್ತು ತಮ್ಮಾ. ಈಗ ಇಲ್ಲ. ಕಲ್ಲು ನಿನ್ನವ ಅದಾವ, ನೋಡ್ಕೋ."

ವಾರದೊಳಗೆ ತೀರಿಕೊಂಡಳು.

ಈ ಬೇಸಿಗೆಯಲ್ಲಿ ನೀರು ಇಳಿದು ದಡ್ಡಿಗಳು ಮೇಲೆದ್ದವು. ಕಂಬಗಳ ಮೇಲೆ ನನ್ನಪ್ಪ ಕೆಂಪು ಬಣ್ಣದಲ್ಲಿ ಬರೆದ ದ್ರಾಕ್ಷಿ ಸಾಲಿನ ಅಂಕಿಗಳು ಇನ್ನೂ ಅಳಿಸಿರಲಿಲ್ಲ. ಅವನ್ನು ಕೀಳಲು ಬಲೆಯವನು ಜೆಸಿಬಿ ತಂದಿದ್ದ. ಏರಿಯ ಮೇಲೆ ಗೌಡರು ನಿಂತಿದ್ದರು. ನಾನು ಚಪ್ಪಲಿ ಬಿಟ್ಟು ಕೆಸರಿಗಿಳಿದೆ. ಮೊದಲ ದಡ್ಡಿಯ ಬಾಯಿಗೆ ಅಡ್ಡ ನಿಂತೆ.

"ಮೀನು ತಿನ್ನದಾವ ನೀನು, ನಿನಗ್ಯಾಕಪ್ಪಾ ಇದು?" ಎಂದರು ಗೌಡರು.

"ಕಲ್ಲು ನಮ್ಮವ್ರಿ. ಹೊಂಡದಾಗ ಮೀನು ಸತ್ವಲ್ಲ, ಆ ಔಷಧಾನೂ ನಂದ. ಮಾಳವ್ವಂದು ತಪ್ಪಿರಲಿಲ್ಲ, ನಂದಿತ್ತು. ಆವತ್ತು ಹೇಳಲಿಲ್ಲ, ಇವತ್ತ ಹೇಳಾಕತ್ತೇನಿ. ಕಲ್ಲು ಕೀಳಬೇಕಂದ್ರ ನನ್ನ ಕೇಳಬೇಕು. ನಾ ಕೊಡಂಗಿಲ್ಲ."

ಗೌಡರು ಬಲೆಯವನ ಕಡೆ ತಿರುಗಿದರು. ಅಷ್ಟರಲ್ಲಿ ಗಾಳದವರು ಒಬ್ಬೊಬ್ಬರಾಗಿ ಇಳಿದು ಬಂದು ನನ್ನ ಪಕ್ಕ ನಿಂತರು. ಜೆಸಿಬಿಯವನು ಯಂತ್ರ ಬಂದ್ ಮಾಡಿ ಬೀಡಿ ಹಚ್ಚಿದ.

ಈಗ ಕೆರೆ ಮತ್ತೆ ತುಂಬಿದೆ. ಕಂಬಗಳು ಕಾಣುವುದಿಲ್ಲ. ಯಾರಾದರೂ ಕೇಳಿದರೆ ನಾನೇ ಏರಿಯ ಮೇಲೆ ನಿಂತು, ಅಲ್ಲೊಂದು, ಅದರಾಚೆ ಒಂದು ಎಂದು ಕೈ ಮಾಡಿ ತೋರಿಸುತ್ತೇನೆ. ಬರುವ ಬೇಸಿಗೆಗೆ ನೀರು ಮತ್ತೆ ಇಳಿಯುತ್ತದೆ, ಬಲೆಯವನೂ ಮತ್ತೆ ಬರುತ್ತಾನೆ. ಬರಲಿ. ಕೆಸರಿಗೆ ಇಳಿಯುವುದು ನನಗೀಗ ರೂಢಿಯಾಗಿದೆ.