ಎಡಗಡೆಯ ಸ್ಪೀಕರ್ ಸರಿಯಾಗಿಯೇ ಇತ್ತು

ವತ್ಸಲಕ್ಕಾ, ನಿಮ್ಮ ಎಡಗಿವಿ ಹೋಗಿದೆ ಎಂಬುದು ನಿಮಗಿಂತ ಮೊದಲು ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡಲಿಲ್ಲ ಎನ್ನುವುದೂ ಅರ್ಧ ಸುಳ್ಳೇ — ಬಿಟ್ಟೆ. ನೀವು ನೇರವಾಗಿ ಕೇಳಿದಾಗ ಬಾಯಿ ಬಿಟ್ಟು ಸುಳ್ಳು ಹೇಳಿದೆ.

ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷದಲ್ಲಿ ನಿಮ್ಮ ಮಣಿಕೊಂಡದ ಮನೆಗೆ ಎಷ್ಟು ಸಲ ಬಂದೆನೋ ಲೆಕ್ಕವಿಲ್ಲ. ಪ್ರತಿ ನಾಗರಪಂಚಮಿಗೆ ನೀವು ಅಣ್ಣ-ತಮ್ಮಂದಿರಿಗೆ ಕಟ್ಟುವ ಉಂಡಿಯಲ್ಲಿ ನನ್ನ ಪಾಲೂ ಇರುತ್ತದೆ, ನಾಚಿಕೆಯಿಲ್ಲದೆ ತಿಂದಿದ್ದೇನೆ. ಪ್ರತಿ ಸಲ ಲಿಫ್ಟಿನಲ್ಲಿ, ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಳ್ಳುತ್ತೇನೆ. ಪ್ರತಿ ಸಲ ಚಹಾ ಕುಡಿದು, ನಿಮ್ಮ ಯಜಮಾನರಾದ ಶ್ರೀಧರ ಸರ್ ಜೊತೆ ನಕ್ಕು ಮಾತಾಡಿ, ಇಳಿದುಬರುತ್ತೇನೆ. ಮಾತಿನಲ್ಲಿ ಈ ಮಲ್ಲೂನನ್ನು ಯಾರೂ ಮೀರಿಸಲಾರರು ಎಂದು ನಮ್ಮ ಅಂಗಡಿಯ ಮಾಲೀಕ ಸೇಠ್ ನನ್ನ ಬಗ್ಗೆ ಹೇಳುತ್ತಿದ್ದರು. ಹೌದು, ಬೇಡದ ಮಾತಿನಲ್ಲಿ.

ಆ ಶನಿವಾರ ನಿಮಗೆ ನೆನಪಿರುವುದು ಬೇರೆ, ನನಗೆ ನೆನಪಿರುವುದು ಬೇರೆ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಿಮಾಯತ್‌ನಗರದ ನಮ್ಮ ಆಡಿಯೋ ಅಂಗಡಿಗೆ ನೀವು ಮಧ್ಯಾಹ್ನ ಬಂದಿರಿ. ಶ್ರೀಧರ ಸರ್ ಸೇಠ್ ಜೊತೆ ಹಿಂದಿಯಲ್ಲಿ ಮಾತು ಶುರುಮಾಡಿದ್ದರು, ನೀವು ಅವರ ತೋಳು ಹಿಡಿದು ಮೆಲ್ಲಗೆ, "ಭಾಳ ದೊಡ್ಡದು ಬ್ಯಾಡ್ರಿ, ಮನಿ ನೋಡಿದ್ದೀರಲ್ಲ" ಎಂದಿರಿ. ಆ ಕನ್ನಡ ಕಿವಿಗೆ ಬಿದ್ದದ್ದೇ ತಡ, ನಾನು ಕೌಂಟರ್ ದಾಟಿ ಓಡಿಬಂದೆ. "ಬರ್ರಿ ಅಕ್ಕಾರ, ಕುಂದರ್ರಿ. ನಮ್ಮವ್ವ ಅಪ್ಪನೂ ಯಾದಗಿರಿ ಕಡಿಯವರ್ರಿ, ಮನಿ ಕಟ್ಟೋ ಗೌಂಡಿ ಕೆಲಸಕ್ಕ ಇಲ್ಲಿಗೆ ಬಂದವರು." ನಿಮ್ಮ ಮುಖ ಎಷ್ಟು ಅರಳಿತು! ದಿನವಿಡೀ ತೆಲುಗು, ಹಿಂದಿಯಲ್ಲಿ ವ್ಯವಹಾರ ಮಾಡಿ ದಣಿದವರಿಗೆ ಅಂಗಡಿಯಲ್ಲಿ ನಮ್ಮ ಮಾತು ಸಿಕ್ಕರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಎಷ್ಟು ಸಲ ಅದರಿಂದಲೇ ವ್ಯಾಪಾರ ಕುದುರಿಸಿದ್ದೆ.

ನೀವು ನಿಮ್ಮ ಸಮಸ್ಯೆ ಹೇಳಿದಿರಿ. ಹಳೆಯ ಬಾಡಿಗೆ ಮನೆ ಬಿಟ್ಟು ಮಣಿಕೊಂಡದಲ್ಲಿ ಸಣ್ಣ ಫ್ಲಾಟ್ ಹಿಡಿದಿದ್ದೀರಿ. ಅಲ್ಲೇ ಸಂಜೆ ಏಳೆಂಟು ಮಕ್ಕಳಿಗೆ ಹಾಡು ಕಲಿಸುತ್ತೀರಿ. ತಂಬೂರಿಯ ಶ್ರುತಿಯನ್ನು ಸ್ಪೀಕರಿನಲ್ಲಿ ಹಚ್ಚಿ ಕೂರುವುದು ನಿಮ್ಮ ರೂಢಿ. "ಹಾಲ್ ಅಂದ್ರ ಹತ್ತು ಹೆಜ್ಜಿ ಐತಿ ತಮ್ಮಾ. ನಮ್ಮ ಹಳೇ ಸ್ಪೀಕರ್ ಎರಡು ಅಲಮಾರಿ ನಿಂತಂಗ ನಿಂತಾವ. ಅದರಾಗ ಮೊನ್ನಿಂದ ಎಡಗಡೀದು ಒಮ್ಮಿಂದೊಮ್ಮೆಲೆ ಬಂದ್ ಬಿದ್ದೈತಿ. ಮುಂಜಾನಿ ಎದ್ದು ಹಚ್ಚೀನಿ, ಸಪ್ಪಳ ಇಲ್ಲ."

ಮೊನ್ನಿಂದ. ಈ ಒಂದು ಮಾತನ್ನು ನಾನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ, ಅಕ್ಕಾ.

ಒಳಗಿನ ಕೋಣೆಯಲ್ಲಿ, ದಪ್ಪ ಪರದೆಗಳ ನಡುವೆ, ಕೇಳುವವರಿಗೆಂದೇ ಇಟ್ಟ ಆ ಒಂಟಿ ಕುರ್ಚಿಯಲ್ಲಿ ನಿಮ್ಮನ್ನು ಕೂರಿಸಿದೆ. ಮೂರು ಜೊತೆ ಸಣ್ಣ ಸ್ಪೀಕರ್ ತಂದಿಟ್ಟೆ. ಸಣ್ಣ ಮನೆಗೆ ಆರಿಸುವುದೇ ಕಷ್ಟದ ಕೆಲಸ. ದೊಡ್ಡ ಮನೆಯಲ್ಲಿ ಏನಿಟ್ಟರೂ ನಡೆಯುತ್ತದೆ, ಸಣ್ಣ ಮನೆಯಲ್ಲಿ ಗೋಡೆಯೂ ಹಾಡತೊಡಗುತ್ತದೆ. ಕೆಲವಕ್ಕೆ ಗಾಳಿ ಬಿಡುವ ತೂತು ಬೆನ್ನಲ್ಲಿರುತ್ತದೆ, ಅವನ್ನು ಗೋಡೆಗೆ ಒತ್ತಿ ಇಟ್ಟರೆ ಕೆಳಗಿನ ಸ್ವರಗಳು ಊದಿಕೊಳ್ಳುತ್ತವೆ — ಇದನ್ನು ನಾನು ವಿವರಿಸುತ್ತಿದ್ದಂತೆ ನೀವು, "ಅಂದ್ರ ಗ್ವಾಡಿಗೆ ಹತ್ತಿದ್ರ ತಂಬೂರಿ ಹೋಗಿ ಡೊಳ್ಳಾಗತೈತಿ ಅನ್ನು!" ಎಂದು ನಕ್ಕಿರಿ. ಇಷ್ಟು ಬೇಗ ತಿಳಿದುಕೊಂಡ ಗಿರಾಕಿಯನ್ನು ನಾನು ಕಂಡಿರಲಿಲ್ಲ. ನಿಮ್ಮ ಮೇಲೆ ನನಗೆ ಗೌರವ ಹುಟ್ಟಿತು. ಅದು ಹುಟ್ಟಿದ ಕಾಲು ಗಂಟೆಗೇ ನಾನು ನಿಮಗೆ ಆ ಕೆಲಸ ಮಾಡಿದೆ.

ಮೊದಲ ಜೊತೆ ಹಚ್ಚಿದೆ. "ಎಡಗಡೀದು ಇದೂ ಬರವಲ್ದಲ್ಲ" ಎಂದಿರಿ. ತಂತಿ ಅದಲುಬದಲು ಮಾಡಿದೆ. "ಈಗೂ ಇಲ್ಲ." ಎರಡನೆಯ ಜೊತೆ. ಅದೂ ಹಾಗೇ. ಶ್ರೀಧರ ಸರ್ ನಿಮ್ಮ ಹಿಂದೆ ನಿಂತು, "ನನಗ ಎರಡೂ ಕೇಳಾಕತ್ತಾವಲ್ಲ" ಎಂದರು. ನೀವು ಥಟ್ಟನೆ, "ಸಾಕು ಸುಮ್ಮನಿರ್ರಿ, ಸಂಗೀತದಾಗ ನಿಮಗೇನ್ ತಿಳೀತೈತಿ!" ಎಂದು ಗದರಿದಿರಿ. ನಾನೂ ನಿಮ್ಮ ಕಡೆ ಸೇರಿ ನಕ್ಕೆ — "ಸರ್, ಅಕ್ಕಾರ ಕಿವಿ ಭಾಳ ಸೂಕ್ಷ್ಮ ಐತ್ರಿ." ಆ ಮನುಷ್ಯ ಪಾಪ, ಇದ್ದದ್ದನ್ನು ಇದ್ದಹಾಗೆ ಹೇಳಿದ್ದರು. ಪೆಚ್ಚಾಗಿ, ಫೋನ್ ಬಂತೆಂದು ಹೊರಗೆ ಹೋದರು.

ಆಮೇಲೆ ನಾನು ಒಂದು ಪರೀಕ್ಷೆ ಮಾಡಿದೆ. ನಿಮಗೆ ಹೇಳದೆ. ನೀವು ಕಣ್ಣು ಮುಚ್ಚಿ ಕೂತಿದ್ದಿರಿ. ನಾನು ಬಲಗಡೆಯದನ್ನು ಪೂರ್ತಿ ಬಂದ್ ಮಾಡಿ ಎಡಗಡೆಯದೊಂದನ್ನೇ ಹಾಡಲು ಬಿಟ್ಟೆ. ನೀವು ಕಣ್ಣು ತೆರೆಯದೆಯೇ, "ಈಗ ಬಲಗಡೀದಷ್ಟ ಹಚ್ಚಿದಿ, ಅಲ್ಲಾ?" ಎಂದಿರಿ.

ಎಡಗಡೆಯ ಸದ್ದೂ ನಿಮಗೆ ಬಲಗಿವಿಯಿಂದಲೇ ಕೇಳುತ್ತಿತ್ತು. ಸ್ಪೀಕರ್ ಹಾಳಾಗಿರಲಿಲ್ಲ. ಈ ಅಂಗಡಿಯದೂ ಅಲ್ಲ, ನಿಮ್ಮ ಮನೆಯ ಆ ಹಳೆಯದೂ ಅಲ್ಲ.

ನೀವು ಕಣ್ಣು ತೆರೆದು ನನ್ನ ಮುಖ ನೋಡಿದಿರಿ. ಏನು ಕಂಡಿತೋ. ದನಿ ತಗ್ಗಿಸಿ ಕೇಳಿದಿರಿ: "ತಮ್ಮಾ, ಖರೇ ಹೇಳು. ಇದು ನನ್ನ ಕಿವೀದ ದೋಷ ಏನೋ? ಒಳಗ ಗುಂಯ್ ಅಂತೈತಿ. ನೆಗಡಿ ಆಗೈತಿ ಅಂತ ಸುಮ್ಮನಿದ್ದೆ."

ಖರೇ ಹೇಳು ಎಂದಿರಿ. ಮತ್ತೇನು ಬೇಕಿತ್ತು ನನಗೆ?

ನಾನು ಹೇಳಿದ್ದು ಇದು, ಒಂದಕ್ಷರ ಬಿಡದೆ ನೆನಪಿದೆ: "ಛೇ ಛೇ, ನಿಮ್ಮ ಕಿವಿಗೇನಾಗಿಲ್ರಿ ಅಕ್ಕಾರ. ಇಂಥಾ ಕಿವಿ ಈ ಅಂಗಡಿಗೇ ಬಂದಿಲ್ಲ. ಹೊಸಾ ಸ್ಪೀಕರ್ ಐತಿ, ಬಾಯಿ ಬಿಡಾಕ ಟೈಮ್ ಬೇಕ್ರಿ. ದಿನಾ ನಾಕ್ ತಾಸು ಹಚ್ಚಿ ಬಿಡ್ರಿ. ಇಪ್ಪತ್ತು ದಿನದಾಗ ಎರಡೂ ಒಂದ ಆಗತಾವ."

ಇದು ನಮ್ಮ ಧಂಧೆಯ ಮಾತು. ಹೊಸ ಸ್ಪೀಕರಿನ ಪರದೆ ಬಿಗಿಯಾಗಿರುತ್ತದೆ, ಕೆಲವು ದಿನ ಹಾಡಿದ ಮೇಲೆ ಸಡಿಲವಾಗಿ ದನಿ ತೆರೆಯುತ್ತದೆ ಎಂದು ಎಲ್ಲ ಗಿರಾಕಿಗಳಿಗೂ ಹೇಳುತ್ತೇವೆ. ಅದರಲ್ಲಿ ಒಂದು ಚಿಟಿಕೆ ನಿಜವಿದೆ. ಉಳಿದದ್ದು ಇಷ್ಟೇ — ಇಪ್ಪತ್ತು ದಿನದಲ್ಲಿ ಜನ ಆ ದನಿಗೆ ಹೊಂದಿಕೊಂಡುಬಿಡುತ್ತಾರೆ, ವಾಪಸ್ ತರುವುದಿಲ್ಲ. ಸಾವಿರ ಸಲ ಹೇಳಿದ ಮಾತು, ಅದಕ್ಕೇ ನಾಲಿಗೆಯ ತುದಿಯಲ್ಲೇ ಕೂತಿತ್ತು. ಆಮೇಲೆ ನಿಮ್ಮ ಕುರ್ಚಿಯನ್ನು ಎಡಕ್ಕೆ ಸರಿಸಿ, ಎರಡೂ ಸ್ಪೀಕರ್ ನಿಮ್ಮ ಬಲಗಿವಿಗೆ ಬೀಳುವಂತೆ ಮಾಡಿದೆ. "ಸಣ್ಣ ಮನ್ಯಾಗ ಯಾರೂ ನಟ್ಟನಡುವ ಕೂಡಂಗಿಲ್ರಿ, ಹಿಂಗ ಮೂಲ್ಯಾಗ ಕೂತು ಕೇಳಬೇಕು" ಎಂದೆ. ನೀವು ಕೇಳಿದಿರಿ. "ಹಾಂ, ಈಗ ಛಲೋ ಆತು" ಎಂದಿರಿ. ಎಷ್ಟು ನೆಮ್ಮದಿ ಇತ್ತು ಆ ಮಾತಿನಲ್ಲಿ!

ಯಾಕೆ ಹಾಗೆ ಮಾಡಿದೆ? ಗಾಜಿನಾಚೆ ಸೇಠ್ ನಿಂತು ನೋಡುತ್ತಿದ್ದರು ಎನ್ನಬಹುದು. ಆ ವಾರ ನನ್ನಿಂದ ಒಂದೂ ವ್ಯಾಪಾರ ಆಗಿರಲಿಲ್ಲ ಎನ್ನಬಹುದು. ಹೆಣ್ಣುಮಗಳಿಗೆ, ಅದೂ ಹಾಡುವವರಿಗೆ, ನಿಮ್ಮ ಕಿವಿ ಹೋಗಿದೆ ಎಂದು ಹೇಗೆ ಹೇಳುವುದು ಎಂದೂ ಅನ್ನಬಹುದು. ಇವೆಲ್ಲ ಆಮೇಲೆ ಹೊಲಿದುಕೊಂಡ ಅಂಗಿಗಳು. ಆ ಗಳಿಗೆಯಲ್ಲಿ ನನಗೆ ಅನಿಸಿದ್ದು ಒಂದೇ: ಎದ್ದುಹೋದರೆ ಇವರು ತಿರುಗಿ ಬರುವುದಿಲ್ಲ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಸೋಮವಾರ ನಾನೇ ಬಂದು ಜೋಡಿಸಿಕೊಟ್ಟೆ. ಗೋಡೆಯಿಂದ ಒಂದು ಗೇಣು ಬಿಟ್ಟು, ಕೂತವರ ಕಿವಿಯ ಎತ್ತರಕ್ಕೆ, ಅಚ್ಚುಕಟ್ಟಾಗಿ. ನೀವು ಕೂರುವ ಚಾಪೆಯನ್ನೂ ನಾನೇ ಹಾಸಿದೆ, ಬಲಗಿವಿ ಸ್ಪೀಕರಿನತ್ತ ಬರುವ ಹಾಗೆ. ಎರಡು ದಿನ ಯೋಚನೆ ಮಾಡಲು ಸಮಯ ಸಿಕ್ಕಿತ್ತು, ಆದರೂ ಅದನ್ನೇ ಮಾಡಿದೆ. ನೀವು ಒಗ್ಗರಣೆ ಅವಲಕ್ಕಿ ಕೊಟ್ಟಿರಿ. ಎರಡು ಸಲ ಹಾಕಿಸಿಕೊಂಡೆ.

ನೀವು ಹೇಳಿದಂತೆ ಕೇಳುವವರು. ದಿನಕ್ಕೆ ನಾಲ್ಕು ತಾಸು, ಒಂದು ದಿನವೂ ತಪ್ಪಿಸದೆ ತಂಬೂರಿ ಹಚ್ಚಿಟ್ಟಿರಿ. ಇಪ್ಪತ್ತನೆಯ ದಿನ ಫೋನ್ ಮಾಡಿ, "ಇನ್ನೂ ಎಡಗಡೀದು ಬಾಯಿ ಬಿಟ್ಟಿಲ್ಲ ನೋಡು" ಎಂದು ಚೇಷ್ಟೆ ಮಾಡಿದಿರಿ. ಆಗಲಾದರೂ — ಇಲ್ಲ. "ಇನ್ನೊಂದು ವಾರ ನೋಡ್ರಿ ಅಕ್ಕಾರ" ಎಂದೆ.

ಆ ವಾರದಲ್ಲೇ ಕಾಯಿಪಲ್ಲೆ ತರಲು ಹೋದಾಗ, ಎಡಗಡೆಯಿಂದ ಬಂದ ಆಟೋದ ಹಾರ್ನ್ ನಿಮಗೆ ಕೇಳಿಸಲಿಲ್ಲ. ಆಟೋ ತಗುಲಿ ಮೊಣಕೈ ತರಚಿತು, ಸದ್ಯ ಅಷ್ಟಕ್ಕೇ ಮುಗಿಯಿತು. ಸರ್ ಅವತ್ತೇ ನಿಮ್ಮನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ದರು. ಒಮ್ಮೆಲೇ ಹೋದ ಕಿವಿ, ಮೊದಲ ವಾರ ಬಂದಿದ್ದರೆ ಔಷಧ ಕೊಟ್ಟು ನೋಡಬಹುದಿತ್ತು, ಈಗ ಕಷ್ಟ ಎಂದರಂತೆ. ಮರುದಿನ ನೀವು ನನಗೆ ಫೋನ್ ಮಾಡಿದಿರಿ. ಬೈಯಲು ಎಂದುಕೊಂಡೆ. ನೀವು ಹೇಳಿದ್ದು: "ತಮ್ಮಾ, ಸ್ಪೀಕರ್ ಛಲೋ ಅದಾವಪ್ಪ. ಕೆಟ್ಟಿದ್ದು ನನ್ನ ಕಿವಿ. ನಿನಗ ಸುಮ್ಮನ ತ್ರಾಸ ಕೊಟ್ಟೆ." ನಾನು ತೊದಲಿದೆ. ನೀವೇ ಸಮಾಧಾನ ಹೇಳಿದಿರಿ: "ನೀ ಯಾಕ ಮನಸಿಗೆ ಹಚ್ಕೋತಿ? ನೀ ಏನ್ ಡಾಕ್ಟರೇನು? ನಿನಗೇನ್ ಗೊತ್ತಿತ್ತು."

ಅಕ್ಕಾ, ಇಲ್ಲಿಯವರೆಗೆ ಬರೆದದ್ದನ್ನು ಓದಿ, ಹುಡುಗ ತಿಳಿಯದೆ ಮಾಡಿದ ಎಂದು ನೀವು ಅಂದುಕೊಳ್ಳುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತು. ಅದಕ್ಕೇ ಉಳಿದದ್ದನ್ನೂ ಬರೆಯಬೇಕು.

ನಮ್ಮ ಅಂಗಡಿಯಲ್ಲಿ ರಿಪೇರಿಗೆ ಕೂರುತ್ತಿದ್ದ ಖಾಜಾ ಚಾಚಾ ಎಂಬ ಮುದುಕರಿದ್ದರು. ಅವರದೂ ಒಂದು ಕಿವಿ ಹೀಗೇ, ಒಂದು ಬೆಳಿಗ್ಗೆ ಏಳುವಷ್ಟರಲ್ಲಿ ಹೋಗಿತ್ತು. ಮೇಣ ಕಟ್ಟಿದೆಯೆಂದು ಎಣ್ಣೆ ಬಿಟ್ಟುಕೊಂಡು ತಿಂಗಳು ಕಳೆದಿದ್ದರು. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದರೆ ಸಾಕು, ಅದೇ ಕೊರಗು — "ಉಸೀಚ್ ಹಫ್ತೆ ಡಾಕ್ಟರ್ ಕನೆ ಜಾನಾ ಥಾ ಮಿಯಾ, ಕಾನ್ ಬಚ್ ಜಾತಾ." ಅದೇ ವಾರ ಹೋಗಿದ್ದರೆ ಕಿವಿ ಉಳಿಯುತ್ತಿತ್ತು. ಎಷ್ಟು ಸಲ ಕೇಳಿದ್ದೆನೋ! ಆ ಕೋಣೆಯಲ್ಲಿ ನೀವು ಕಣ್ಣು ಮುಚ್ಚಿ ಕೂತಿದ್ದಾಗ ನನ್ನ ತಲೆಯಲ್ಲಿದ್ದದ್ದು ಚಾಚಾರ ಆ ಮಾತೇ. ಮೊನ್ನಿಂದ ಎಂದಿದ್ದಿರಿ. ಅಂದರೆ ಇನ್ನೂ ದಿನಗಳಿದ್ದವು. ಆ ದಿನಗಳನ್ನು ನಾನು ತಂಬೂರಿ ಹಚ್ಚಿಸಿ ಕಳೆಯುವ ಹಾಗೆ ಮಾಡಿದೆ.

ಹೋಗಿದ್ದರೆ ಖಂಡಿತ ಉಳಿಯುತ್ತಿತ್ತೋ ಇಲ್ಲವೋ, ಯಾರು ಹೇಳಬಲ್ಲರು. ಆ ಸಂಶಯದ ಮರೆಯಲ್ಲೇ ಇಷ್ಟು ದಿನ ಬದುಕಿದೆ. ಅಂಗಡಿ ಬಿಟ್ಟು ಕೊಂಡಾಪುರದ ಇನ್ನೊಂದು ಅಂಗಡಿ ಸೇರಿದೆ — ಪಶ್ಚಾತ್ತಾಪದಿಂದಲ್ಲ, ಅಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು.

ಕಳೆದ ಭಾನುವಾರ ನಾನು ನಿಮ್ಮ ಮನೆಯಲ್ಲಿದ್ದೆ. ಒಬ್ಬ ಹುಡುಗಿ ಹಾಡುತ್ತಿದ್ದಳು. ಸಂಗೀತ ಬಾರದ ನನಗೇ ಅವಳ ಸ್ವರ ಇಳಿದದ್ದು ತಿಳಿಯಿತು. ನೀವು ತಲೆದೂಗಿ, "ಶಾಭಾಷ್, ಹಿಂಗ ಹಾಡಬೇಕು" ಎಂದಿರಿ. ಅವಳ ತಾಯಿ ನನ್ನ ಮುಖ ನೋಡಿದರು. ನಮ್ಮಿಬ್ಬರ ಮುಖ ಕಂಡು, ಸ್ವರ ತಪ್ಪಿತ್ತೆಂದು ನಿಮಗೂ ಗೊತ್ತಾಯಿತು. ಮಕ್ಕಳೆಲ್ಲ ಹೋದ ಮೇಲೆ ಚಾಪೆ ಸುತ್ತುತ್ತ ಹೇಳಿದಿರಿ: "ಒಳಗ ದಿನಾಲೂ ಮಿಕ್ಸರ್ ತಿರಗಿದಂಗ ತಿರಗತೈತಿ ತಮ್ಮಾ. ಅದರ ಸ್ವರ ಯಾವುದು, ತಂಬೂರೀದು ಯಾವುದು, ನನಗೀಗ ತಿಳಿಯಂಗಿಲ್ಲ. ಮಂದಿ ಮಕ್ಕಳಿಗೆ ತಪ್ಪು ಕಲಿಸಬಾರದು. ಮುಂದಿನ ತಿಂಗಳಿಂದ ಕ್ಲಾಸ್ ಬಂದ್ ಮಾಡತೀನಿ." ಇಷ್ಟು ಹೇಳಿ, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿರಿ. ಹೊರಗೆ ನಮಗೆ ಕೇಳುತ್ತಿತ್ತು. ಸರ್ ತಲೆ ತಗ್ಗಿಸಿ ಕೂತಿದ್ದರು. ನಾನೂ ಕೂತಿದ್ದೆ — ಹೇಡಿ, ಹೇಡಿ ನನ್ಮಗ — ಬಿಸ್ಕೀಟು ಚಹಾದಲ್ಲಿ ಅದ್ದುತ್ತ.

ಒಂದು ಕಿವಿಯಿಂದಲೂ ಹಾಡುವವರಿದ್ದಾರೆ, ಹೊಂದಿಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ಇರಬಹುದು. ನೀವು ನಾಲ್ಕು ವರ್ಷ ಅದನ್ನೇ ಮಾಡಿ ನೋಡಿದಿರಿ, ನಾನು ನೋಡಿದ್ದೇನೆ. ನನ್ನ ಕೈಲಾಗುವುದು ಇನ್ನೇನೂ ಇಲ್ಲ. ಕ್ಷಮಿಸಿ ಎಂದು ಬರೆಯಲು ಕೈ ಬರುವುದಿಲ್ಲ — ನೀವು ಕ್ಷಮಿಸಿಯೇಬಿಡುತ್ತೀರಿ ಎಂಬ ಹೆದರಿಕೆ.

ಈ ಕಾಗದ ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಅದೂ ಒಂದು ತಪ್ಪಿಸಿಕೊಳ್ಳುವ ದಾರಿಯಾದೀತು. ನಾಳೆ ಮುಂಜಾನೆ, ಸರ್ ಕಚೇರಿಗೆ ಹೊರಡುವ ಮೊದಲೇ ಬರುತ್ತೇನೆ, ಅವರೂ ಕೇಳಬೇಕು. ನಿಮ್ಮ ಬಲಗಡೆ ಕೂತು, ನಿಮಗೆ ಕೇಳುವ ಹಾಗೆ ಗಟ್ಟಿಯಾಗಿ, ಹೇಳಬೇಕಾದದ್ದನ್ನು ಮೊದಲ ಮಾತಿಗೇ ಹೇಳುತ್ತೇನೆ.

ನನಗ ಗೊತ್ತಿತ್ರಿ, ಅಕ್ಕಾರ.