ಕ್ಯಾತಣ್ಣ ಹೇಳಿದ ಒಂಟೆ ಪಿಚ್ಚರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಳ್ಳಕೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಚಹಾದಂಗಡಿಯವನು ಹಾಲು ಕಾಯಲು ಇಡುವ ಹೊತ್ತಿಗೆ ಕ್ಯಾತಣ್ಣನವರ ಗಂಟಲು ಆಗಲೇ ಕಾದಿರುತ್ತದೆ.

"ತಳಕು, ಬೀಜಿಕೆರೆ, ಹಾನಗಲ್, ಮೊಳಕಾಲ್ಮೂರೂ..."

ಕೊನೆಯ 'ರೂ' ರಸ್ತೆಯಾಚೆಯ ಎಣ್ಣೆ ಮಿಲ್ಲಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ. ತಪ್ಪು ಬಸ್ಸಿನಲ್ಲಿ ಕೂತವರ ಮುಖ ಅವರಿಗೆ ಕಿಟಕಿಯ ಹೊರಗಿನಿಂದಲೇ ಗೊತ್ತಾಗುತ್ತದೆ. "ಯಜಮಾನ್ರೇ, ನನ್ನಿವಾಳಕ್ಕಾ? ಹಂಗಾರೆ ಇದರಾಗೆ ಯಾಕ್ ಕುಂತಿದೀರಿ? ಇಳೀರಿ, ಇಳೀರಿ!"

ಎಪ್ಪತ್ತರ ಆಸುಪಾಸಿನ ಕ್ಯಾತಣ್ಣನವರ ಕೆಲಸ ಕೂಗುವುದು. ಬಸ್ಸಿನ ಏಜೆಂಟರು ಒಮ್ಮೆ ಅವರನ್ನು ಬಿಡಿಸಿ, ರೆಕಾರ್ಡ್ ಮಾಡಿದ ದನಿಯ ಮೈಕು ತಂದಿಟ್ಟಿದ್ದರು. ಹೊರಟುಹೋದ ಬಸ್ಸನ್ನೂ ಅದು ಮಧ್ಯಾಹ್ನದವರೆಗೆ ಕರೆಯುತ್ತಲೇ ಇತ್ತು. ಜನ ಬೈದರು, ಮೈಕು ಮೂಲೆ ಸೇರಿತು, ಕ್ಯಾತಣ್ಣ ಮತ್ತೆ ಬಸ್ಸಿನ ಬಾಗಿಲಿಗೆ ಬಂದರು. ಹೆಂಡತಿ ಜೋಗಮ್ಮನವರ ದೂರೇ ಬೇರೆ. "ಮನೇಗೆ ಬಂದ್ರೆ ಒಂದ್ ಮಾತಿಲ್ಲ. ಸಾರಿಗೆ ಉಪ್ಪು ಐತೋ ಇಲ್ವೋ ಅಂತ್ಲೂ ಬಾಯಿ ಬಿಡಲ್ಲ. ಇರೋ ಮಾತನ್ನೆಲ್ಲ ಈ ಯಪ್ಪ ಬಸ್ಸಿಗೇ ಖರ್ಚು ಮಾಡ್ತಾನೆ."

ಆ ದನಿಗೆ ಹಿಂದೊಮ್ಮೆ ಬೇರೆ ಕೆಲಸವಿತ್ತು. ಹರೆಯದಲ್ಲಿ ಕ್ಯಾತಣ್ಣ ಎಣ್ಣೆ ಲಾರಿಯ ಕ್ಲೀನರ್ ಆಗಿ ಸೊಲ್ಲಾಪುರ, ಪುಣೆ ಅಂತ ತಿರುಗಿದವರು. ಅಲ್ಲಿ ಅಂಟಿಕೊಂಡದ್ದು ಅರೆಬರೆ ಹಿಂದಿ. "ಟೈರು, ಡೀಸೆಲ್ಲು, ರೊಟ್ಟಿ, ಪೊಲೀಸು. ಇವಿಷ್ಟರ ಹಿಂದಿ ಚೆನ್ನಾಗಿ ಬರ್ತಿತ್ತು" ಎನ್ನುತ್ತಾರೆ. ಮೊಳಕಾಲ್ಮೂರಿನಲ್ಲಿ ಟೆಂಟ್ ಟಾಕೀಸು ನಡೆಸುತ್ತಿದ್ದ ದೊಡ್ಡೀರಪ್ಪನವರಿಗೆ ಅಷ್ಟೇ ಸಾಕಾಯಿತು. ತೆಲುಗು ಚಿತ್ರ ಊರಿಗೇ ಅರ್ಥವಾಗುತ್ತಿತ್ತು. ಹಿಂದಿ ಬಂದರೆ ಮಾತ್ರ ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳುವವರು ಬೇಕಿತ್ತು.

ಹಾಗೆ ಬಂದದ್ದು 'ಒಂಟೆ ಪಿಚ್ಚರ್'. ಅದರ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಮರಳುಗಾಡಿನ ಒಬ್ಬ ಬಡವ, ಅವನ ಒಂಟೆ, ಆ ಒಂಟೆಯ ಮೇಲೆ ಕಣ್ಣಿಟ್ಟ ಜಮೀನ್ದಾರ. ಮೊದಲ ದಿನ ಕ್ಯಾತಣ್ಣ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಕೊನೆಗೆ ಒಂಟೆ ಸತ್ತಿತು. ಮಕ್ಕಳು ಹೋ ಎಂದು ಅತ್ತವು, ತಾಯಂದಿರು ಟೆಂಟಿಗೇ ಶಾಪ ಹಾಕಿ ಎದ್ದರು. ಮರುದಿನ ಟೆಂಟಿನಲ್ಲಿ ಜನಕ್ಕಿಂತ ನಾಯಿಗಳೇ ಹೆಚ್ಚು.

"ದೊಡ್ಡೀರಪ್ಪನೋರು ಕರೆದು, ಲೇ ಕ್ಯಾತ, ನಾಳೆಯಿಂದ ಒಂಟೆ ಸಾಯಂಗಿಲ್ಲ ಅಂದ್ರು. ಪಿಚ್ಚರ್‌ನಾಗೆ ಸಾಯ್ತೈತಲ್ರಿ, ನಾನೇನ್ ಮಾಡ್ಲಿ ಅಂದೆ. ಅದೆಲ್ಲ ನಂಗೊತ್ತಿಲ್ಲ, ಒಂಟೆ ಸತ್ರೆ ನೀನು ಬರಂಗಿಲ್ಲ ಅಂದ್ರು."

ಆಮೇಲೆ ಒಂಟೆ ಸಾಯಲಿಲ್ಲ. ಟೆಂಟು ಮತ್ತೆ ತುಂಬಿತು.

ಹಾಗೆ ತುಂಬಿದ ಮಕ್ಕಳಲ್ಲಿ ಒಬ್ಬರು, ರಜೆಗೆ ಅಜ್ಜಿಯ ಊರಿಗೆ ಬಂದಿದ್ದ ಶಶಿಕಾಂತ್. ಈಗ ಚಳ್ಳಕೆರೆಯ ಇನ್ನೊಂದು ತುದಿಯಲ್ಲಿ ಎಣ್ಣೆ ಮಿಲ್ಲು ನಡೆಸುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಅವರದು ಒಂಟೆ ಪಿಚ್ಚರಿನದೇ ಮಾತು. ಕಳೆದ ದೀಪಾವಳಿಗೆ ಮಗಳು ತೇಜಶ್ರೀ ಹೇಗೋ ಮೊಬೈಲಿನಲ್ಲಿ ಅದನ್ನು ಹುಡುಕಿ ಕೊಟ್ಟಳು. ಬಳಗವನ್ನೆಲ್ಲ ಕೂರಿಸಿಕೊಂಡು ಟಿವಿಯಲ್ಲಿ ನೋಡಿದರೆ, ಒಂಟೆ ಸತ್ತೇಹೋಯಿತು! "ಇದು ನಮ್ಮ ಪಿಚ್ಚರ್ರೇ ಅಲ್ಲ, ಯಾರೋ ಕೊನೇದು ಬದಲಾಯಿಸವ್ರೆ" ಎಂದು ಶಶಿಕಾಂತ್ ಊಟ ಬಿಟ್ಟು ಎದ್ದರಂತೆ. "ಐವತ್ತು ದಾಟಿದ ಮನುಷ್ಯ, ಒಂಟೆ ಸತ್ತ ಮನೆಯೋರಂಗೆ ಕುಂತಿದ್ರು" ಎಂದು ಪತ್ನಿ ದಾಕ್ಷಾಯಿಣಿ ಈಗಲೂ ನಗುತ್ತಾರೆ.

ಮುಂದೊಂದು ದಿನ ಕಾರು ಕೆಟ್ಟು ಶಶಿಕಾಂತ್ ಬಸ್ ನಿಲ್ದಾಣಕ್ಕೆ ಬಂದರು. ಕಿವಿಗೆ ಆ 'ಮೊಳಕಾಲ್ಮೂರೂ' ಬಿತ್ತು. ಹತ್ತಿದ ಬಸ್ಸಿನಿಂದ ಇಳಿದೇಬಿಟ್ಟರು. "ಅಣ್ಣಾ, ಟೆಂಟಿನಾಗೆ ಒಂಟೆ ಪಿಚ್ಚರ್ ಹೇಳ್ತಿದ್ದೋರು ನೀವಲ್ವಾ?"

"ಸೀಟಿನ ಜಗಳಕ್ಕೆ ಬಂದವ್ರೆ ಅನ್ಕಂಡು ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ" ಎನ್ನುತ್ತಾರೆ ಕ್ಯಾತಣ್ಣ.

ಒಂದು ಭಾನುವಾರ ಮಧ್ಯಾಹ್ನ ಮಿಲ್ಲಿನ ಗೋದಾಮಿನಲ್ಲಿ ಪರದೆಗೆಂದು ಬಿಳಿ ಪಂಚೆ ಕಟ್ಟಿ, ಧ್ವನಿ ಬಂದ್ ಮಾಡಿ ಚಿತ್ರ ಹಾಕಿದರು. ಮೊಳಕಾಲ್ಮೂರಿನ ಹಳೆಯ ಜೊತೆಗಾರರೆಲ್ಲ ಬಂದು ಕೂತರು. ಕ್ಯಾತಣ್ಣನವರಿಗೆ ಮಾತ್ರ ಅಂದು ಏನೇನು ಹೇಳಿದ್ದರೋ ಅರ್ಧ ಮರೆತೇಹೋಗಿದೆ! ಆದರೆ ಕೇಳಿದವರು ಮರೆತಿರಲಿಲ್ಲ. ಕ್ಯಾತಣ್ಣ ತಡವರಿಸಿದಲ್ಲೆಲ್ಲ ತಲೆ ನರೆತ ಆ ಮಕ್ಕಳೇ ಮಾತು ಎತ್ತಿಕೊಟ್ಟರು.

"ಅಣ್ಣಾ, ಅಲ್ಲಿ ಜಮೀನ್ದಾರನಿಗೆ ಬೈತಿದ್ರಿ!"

"ಹೌದಲ್ಲ! ತಡೀರಿ, ಈಗ ಬೈತೀನಿ" ಎಂದು, ಆಗಲೇ ಪರದೆ ಬಿಟ್ಟು ಹೋಗಿದ್ದ ಜಮೀನ್ದಾರನ ಏಳು ತಲೆಮಾರು ಜಾಲಾಡಿದರು.

ಕೊನೆಯ ಭಾಗ ಬಂತು. ಒಂಟೆ ಕಾಲು ಮಡಚಿ ಮರಳಿನ ಮೇಲೆ ಬಿತ್ತು. ಶಶಿಕಾಂತ್ ಕುರ್ಚಿಯ ತುದಿಗೆ ಬಂದಿದ್ದಾರೆ.

"ಯಾರೂ ಅಳಬ್ಯಾಡ್ರಿ, ದಣಿದು ಮಲಗೈತೆ" ಎಂದರು ಕ್ಯಾತಣ್ಣ. ನಾಯಕ ಎದೆ ಬಡಿದುಕೊಂಡು ಅತ್ತ. "ಉಸಿರಾಡ್ತೈತೆ ಅಂತ ಖುಷಿಗೆ ಅಳ್ತವ್ನೆ." ಊರವರು ಗುಂಡಿ ತೋಡಿದರು. "ಒಂಟೆಗೆ ಬಾಯಾರಿಕೆ. ನೀರಿಗೆ ಬಾವಿ ತೋಡ್ತವ್ರೆ." ಹೂವಿನ ಹಾರ ಬಂತು. "ನೋಡ್ರಿ, ಸನ್ಮಾನ!"

ತೇಜಶ್ರೀಗೆ ತಡೆಯಲಾಗಲಿಲ್ಲ. "ಅಜ್ಜಾ, ಟಿವೀಲಿ ನೋಡ್ದಾಗ ಒಂಟೆ ಸತ್ತೋಯ್ತು ಅಂತ ಹಿಂದೀಲಿ ಹೀರೋನೇ ಹೇಳ್ತಾನಲ್ಲ?"

"ಹೇಳ್ತಾನವ್ವ. ಹಿಂದಿನಾಗೆ ಸತ್ತೈತೆ. ಕನ್ನಡದಾಗೆ ನಾಳೆ ಬೆಳಗ್ಗೆ ಎದ್ದೇಳ್ತೈತೆ."

ಸಿಳ್ಳೆಗೆ ಗೋದಾಮಿನ ತಗಡು ಅದುರಿತು. ಶಶಿಕಾಂತ್ ನಗುತ್ತಲೇ ಕಣ್ಣೊರೆಸಿಕೊಂಡು, ಮೆಣಸಿನಕಾಯಿ ಘಾಟು ಎಂದರು. ಗೋದಾಮಿನಲ್ಲಿದ್ದದ್ದು ಬರೀ ಶೇಂಗಾ.

ಈಗ ಬೇರೆ ಆಸೆ ಏನಾದರೂ ಇದೆಯೇ ಎಂದು ಕೇಳಿದರೆ, ಕ್ಯಾತಣ್ಣ ಎರಡು ಬಸ್ಸು ಕೂಗಿ ಕಳಿಸಿ, ಚಹಾ ಮುಗಿಸಿ, ಆಮೇಲೆ ಉತ್ತರ ಕೊಡುತ್ತಾರೆ.

"ಆ ಪಿಚ್ಚರ್ ತೆಗೆದೋರು ಇದಾರೋ ಇಲ್ವೋ. ಇದ್ರೆ ಒಂದ್ ಸರ್ತಿ ಚಳ್ಳಕೆರೆಗೆ ಬರ್ಲಿ. ಒಂಟೆನ ಹೆಂಗೆ ಉಳಿಸ್ಬೇಕಿತ್ತು ಅಂತ ಕುಂದ್ರಿಸಿ ಹೇಳ್ಕೊಡ್ತೀನಿ. ಬೇಕಾದ್ರೆ ಹಿಂದಿನಾಗೇ."