ಮರಿಯಮ್ಮನ ಸಾಲು

ನಾವು ಲಂಗ ಹಾಕುತ್ತಿದ್ದ ದಿನಗಳಲ್ಲಿ, ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದರೆ ಊರೆಲ್ಲ ಶಪಿಸುತ್ತಿತ್ತು. ನಾವು ಏಳೆಂಟು ಹುಡುಗಿಯರು ಮಾತ್ರ ಕುಣಿಯುತ್ತಿದ್ದೆವು. ಮಗ್ಗ ನಿಂತರೆ ನನ್ನ ಅಮ್ಮನ ತಂಗಿ ಲೂರ್ದು ಚಿಕ್ಕಮ್ಮನಿಗೆ ಬಿಡುವು. ಹಗಲಿಡೀ ಮಗ್ಗ ನಡೆಸುವ ಅವಳೇ ನಮ್ಮ ಚರ್ಚಿನಲ್ಲಿ ಹಾಡು ಕಲಿಸುವ ಟೀಚರ್. ಸೆರಗಿನಲ್ಲಿ ಮಗ್ಗದ ಎಣ್ಣೆಯ ವಾಸನೆ. ಅಭ್ಯಾಸ ಮುಗಿದರೆ ತಲೆಗೊಂದು ಕಡಲೆಬೀಜದ ಉಂಡೆ.

ಆ ವರ್ಷ ಡೆಂಗಿ ಜ್ವರ ಅವಳ ಆರು ವರ್ಷದ ಮಗ ಇನ್ನಾಸಿಯನ್ನು ಮೂರೇ ದಿನದಲ್ಲಿ ಕೊಂಡೊಯ್ದಿತು. ಚಿಕ್ಕಮ್ಮ ಅಳಲಿಲ್ಲ. ಶುಭ ಶುಕ್ರವಾರಕ್ಕೆ ಮುಂಚಿನ ಉಪವಾಸದ ದಿನಗಳು, ತಪಸ್ಸು ಕಾಲ, ಬರುವ ಹೊತ್ತಿಗೆ ಮೂರು ದನಿಗಳಿಗೆ ಒಂದು ಹಾಡು ಕಟ್ಟಿದಳು. ಶಿಲುಬೆಯಿಂದ ಇಳಿಸಿದ ಮಗನನ್ನು ಮಡಿಲಲ್ಲಿಟ್ಟುಕೊಂಡು ಮರಿಯಮ್ಮ ಹಾಡುವ ಹಾಡು. ಯೇಸು ಹುಟ್ಟುವ ಮೊದಲು ದೇವದೂತ ಬಂದು ಅವಳ ಒಪ್ಪಿಗೆ ಕೇಳಿದ್ದನಲ್ಲ, ಅದನ್ನೇ ನೆನಪಿಸಿ ನಡುವೆ ಮೂರೂ ದನಿ ಒಂದಾಗಿ ದೇವರನ್ನು ಕೇಳುತ್ತಿದ್ದವು: "ಕೊಡುವಾಗ ದೂತನ ಕಳಿಸಿ ಕೇಳಿದೆ, ಕಿತ್ತುಕೊಳ್ಳುವಾಗ ಯಾಕೆ ಕೇಳಲಿಲ್ಲ?"

ಚರ್ಚಿನ ಹಿರಿಯರಾದ ಚೌರಪ್ಪ ತಾತ ಅಭ್ಯಾಸ ಕೇಳಿ ಕೆಂಡವಾದರು.

"ದೇವ್ರುನ್ನ ಹಂಗೆಲ್ಲಾ ಕೇಳ್ತಾರೇನಮ್ಮಾ? ಆ ಸಾಲು ತೆಗಿ."

"ಇಲ್ದೇ ಇರೋನ್ನ ಯಾರಾದ್ರೂ ಕೇಳ್ತಾರಾ ಮಾವ? ಇದಾನೆ ಅಂತಲೇ ಕೇಳ್ತಿರೋದು."

"ತೆಗೀದಿದ್ರೆ ಹಾಡೇ ಬೇಡ."

"ಸರಿ. ಮಾತು ತೆಗಿತೀನಿ. ಜಾಗ ತೆಗಿಯಲ್ಲ," ಎಂದಳು ಚಿಕ್ಕಮ್ಮ.

ಅಂದಿನಿಂದ ಆ ಸಾಲು ಬಂದಾಗ ಬಾಯಿ ಮುಚ್ಚಿ, ಬೆರಳಲ್ಲಿ ಎಂಟು ಎಣಿಸುವುದನ್ನು ಕಲಿತೆವು. ಹಾಡುವುದಕ್ಕಿಂತ ಅದೇ ಕಷ್ಟವಾಗಿತ್ತು.

ಶುಭ ಶುಕ್ರವಾರ ಗಂಟೆ ಬಾರಿಸುವಂತಿಲ್ಲ, ಮರದ ಹಲಗೆ ಬಡಿಯಬೇಕು. ಕೀಬೋರ್ಡಿಗೂ ಬಟ್ಟೆ ಹೊದಿಸಿದ್ದರು. ನಮ್ಮ ಹೊಟ್ಟೆಯಲ್ಲಿ ಉಪ್ಪು ಗಂಜಿ ಬಿಟ್ಟರೆ ಏನೂ ಇರಲಿಲ್ಲ. ಹಾಡು ಆ ಜಾಗಕ್ಕೆ ಬಂತು. ಬಾಯಿ ಮುಚ್ಚಿ ಎಣಿಸತೊಡಗಿದೆವು. ನಮ್ಮೆದುರು ಕೈ ಎತ್ತಿ ನಿಂತಿದ್ದ ಚಿಕ್ಕಮ್ಮನ ತುಟಿಗಳು ದನಿಯಿಲ್ಲದೆ ಆ ಸಾಲನ್ನು ಹೇಳುತ್ತಿದ್ದವು. ನನಗೆ ತಡೆಯಲಾಗಲಿಲ್ಲ. ಮೂರಕ್ಕೇ ಎಣಿಕೆ ಬಿಟ್ಟು ಗಂಟಲು ಹರಿಯುವಂತೆ ಹಾಡಿಬಿಟ್ಟೆ. ಶ್ರುತಿ ಎಲ್ಲಿ ಹೋಗಿತ್ತೋ! ಪಕ್ಕದ ಫಿಲೋಮಿನಾ ದನಿ ಸೇರಿಸಿದಳು, ಆಮೇಲೆ ಎಲ್ಲರೂ. ಚಿಕ್ಕಮ್ಮ ಅಲ್ಲೇ ಕುಸಿದು ಕೂತು, ಇನ್ನಾಸಿ ಹೋದ ಮೇಲೆ ಮೊದಲ ಸಲ ಅತ್ತಳು.

ಹೊರಗೆ ತಾತ ನನ್ನ ಕಿವಿ ಹಿಡಿದರು. "ಯಾರೇ ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ ತಾತ. ಇನ್ನಾಸಿ ನನ್ ತಮ್ಮ. ದೇವ್ರು ನನ್ನೂ ಕೇಳ್ಲಿಲ್ಲ."

ಅವರ ಕೈ ಸಡಿಲವಾಯಿತು. ಆದರೂ ಮರುವರ್ಷ ಆ ಹಾಡಿಗೆ ಅಪ್ಪಣೆ ಸಿಗಲಿಲ್ಲ. ಸಿಗದಿದ್ದರೆ ಹೋಗಲಿ! ಕರೆಂಟು ಹೋದಾಗಲೆಲ್ಲ ಮಗ್ಗದ ಮನೆಯಲ್ಲಿ ಪೂರ್ತಿಯಾಗಿ ಹಾಡಿದೆವು.

ಈಗ ಚರ್ಚಿನಲ್ಲಿ ಮೊಬೈಲಿನಿಂದ ವಾದ್ಯದ ಟ್ರ್ಯಾಕ್ ಹಾಕಿ, ಹಾಡುತ್ತಾ ಅದರ ಹಿಂದೆ ಓಡುತ್ತಾರೆ. ಹೋದ ವರ್ಷ ಚಿಕ್ಕಮ್ಮ ತೀರಿಕೊಂಡಾಗ ಅವಳ ಹಾಡನ್ನೇ ಹಾಡೋಣ ಎಂದೆ. "ಅದಕ್ಕೆ ಟ್ರ್ಯಾಕ್ ಇಲ್ವಲ್ಲ ಅಕ್ಕಾ," ಎಂದರು ಹುಡುಗಿಯರು. ಒಬ್ಬಳೇ ನಿಂತು ಹಾಡಿದೆ, ಒಂದು ಸಾಲನ್ನೂ ಬಿಡದೆ. ಬೆಂಚುಗಳಲ್ಲಿ ಕೂತವರು ಫೋನು ನೋಡುತ್ತಿದ್ದರು. ಚೌರಪ್ಪ ತಾತ ಇದ್ದಿದ್ದರೆ ಖಂಡಿತ ಬೈಯುತ್ತಿದ್ದರು. ಬೈಯುವಷ್ಟು ಗಮನವಿಟ್ಟು ಕೇಳುವವರು ಈಗ ಯಾರಿದ್ದಾರೆ?